ಗೋಡೆಗಲ್ಲ, ನುಡಿಸುವುದಕ್ಕೆ: ಎಸ್ಸಾವಿರಾದ ಒಂದು ಗೆಂಬ್ರಿ ಅಂಗಡಿ

ಮೊರಾಕ್ಕೊದ ಎಸ್ಸಾವಿರಾ ಪಟ್ಟಣದ ಹಳೆಯ ಪೇಟೆಯಲ್ಲಿ ಗೆಂಬ್ರಿ ಎಂಬ ತಂತಿವಾದ್ಯ ಮಾರುವ ಅಂಗಡಿಗಳಿಗೆ ಬರವಿಲ್ಲ. ಬಣ್ಣ ಬಳಿದು, ಒಂಟೆಯ ಚಿತ್ರ ಬರೆದು ಬಾಗಿಲಿಗೆ ನೇತುಹಾಕಿದವುಗಳಲ್ಲಿ ಹೆಚ್ಚಿನವು ಪ್ರವಾಸಿಗರ ಮನೆಯ ಗೋಡೆಗೆಂದೇ ಹುಟ್ಟಿದವು. ಮೀಟಿದರೆ ನಾದ ಏಳುವುದಿಲ್ಲ. ಮರಗೆಲಸದವರ ಸಾಲಿನ ಹಿಂದೆ, ನಾಮಫಲಕವೂ ಇಲ್ಲದ ಒಂದು ಕಿರಿದಾದ ಅಂಗಡಿಯನ್ನು ನಾನು ಮನಸಾರೆ ಮೆಚ್ಚಿದ್ದು ಇದಕ್ಕೇ: ಅಲ್ಲಿ ತಯಾರಾಗುವ ಪ್ರತಿ ವಾದ್ಯವೂ ನುಡಿಸುವವರಿಗಾಗಿ.

ಗೆಂಬ್ರಿ ಗ್ನಾವಾ ಸಂಗೀತದ ಜೀವ. ಸಹಾರಾದ ದಕ್ಷಿಣದಿಂದ ಗುಲಾಮರಾಗಿ ಬಂದವರ ವಂಶಜರು ಉಳಿಸಿಕೊಂಡ ಸಂಗೀತವಿದು. ಯುನೆಸ್ಕೊ 2019ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇರುಳಿಡೀ ನಡೆಯುವ ಲಿಲಾ ಎಂಬ ಆಚರಣೆಯಲ್ಲಿ ಮಾಲೆಮ್, ಅಂದರೆ ಮೇಳದ ಗುರು, ಈ ವಾದ್ಯ ನುಡಿಸುತ್ತ ಅಗೋಚರ ಶಕ್ತಿಗಳನ್ನು ಒಂದೊಂದಾಗಿ ಕರೆಯುತ್ತಾನೆ. ಅವುಗಳಿಗೆ ಬೇರೆ ಬೇರೆ ಬಣ್ಣ, ಬೇರೆ ಬೇರೆ ಧೂಪ. ಜೊತೆಗಾರರ ಕೈಯಲ್ಲಿ ಕರಾಕೆಬ್ ಎಂಬ ಕಬ್ಬಿಣದ ತಾಳಗಳು. ಧ್ವನಿಮುದ್ರಿಕೆಗಳಲ್ಲಿ ಈ ಕಬ್ಬಿಣದ ಅಬ್ಬರವೇ ಕಿವಿ ತುಂಬಿಬಿಡುತ್ತದೆ, ಅದರ ಅಡಿಯಲ್ಲಿ ಹರಿಯುವ ಗೆಂಬ್ರಿ ಮಸುಕಾಗುತ್ತದೆ. ಅಂಗಡಿಯಲ್ಲಿ ಅದೊಂದನ್ನೇ, ಒಂದು ಮೊಳದ ಅಂತರದಲ್ಲಿ ಕೇಳುವುದು ಬೇರೆಯೇ ಅನುಭವ.

ಅಂಗಡಿಯ ಹಿರಿಯರು ಬೆಲೆ ಹೇಳುವ ಮೊದಲು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಒಂದೇ ಮರದ ತುಂಡನ್ನು ದೋಣಿಯಂತೆ ಕೊರೆದ ಒಡಲು, ಮೇಲೆ ಬಿಗಿದ ಒಂಟೆಯ ಚರ್ಮ, ಮೇಕೆಯ ಕರುಳಿನ ಮೂರು ತಂತಿಗಳು. ಅತಿ ಗಿಡ್ಡ ತಂತಿಯನ್ನು ಬೆರಳಿನಿಂದ ಒತ್ತುವುದೇ ಇಲ್ಲ. ಅದು ಸದಾ ತನ್ನ ಒಂದೇ ಸ್ವರದಲ್ಲಿ ಮಿಡಿಯುತ್ತಿರುತ್ತದೆ. ಮೀಟುವ ಕೈಯೇ ಚರ್ಮವನ್ನೂ ತಟ್ಟುವುದರಿಂದ ಮದ್ದಳೆ ಮತ್ತು ತಂತಿ ಎರಡೂ ಒಬ್ಬನಲ್ಲೇ ಕೂಡುತ್ತವೆ. ನಮ್ಮ ಚೌಡಿಕೆಯನ್ನು ಕೇಳಿ ಬೆಳೆದವರಿಗೆ, ಅದೂ ಚರ್ಮ ಮತ್ತು ತಂತಿಯ ಜೋಡಿಯೇ ಆದ್ದರಿಂದ, ಈ ನಾದ ಬೇಗ ಒಲಿಯುತ್ತದೆ. ಆದರೆ ಗೆಂಬ್ರಿಯ ಮಂದ್ರ ಇನ್ನೂ ಆಳದ್ದು, ಎದೆಗೂಡಿನಲ್ಲಿ ನಡುಗುವಂಥದ್ದು.

ನಾನು ಕೊಂಡದ್ದಕ್ಕೆ ಎರಡು ಸಾವಿರ ದಿರ್ಹಾಮಿಗಿಂತ ತುಸು ಕಡಿಮೆ ಕೊಟ್ಟೆ. ಬೀದಿಯ ವಾದ್ಯಗಳಿಗಿಂತ ಇದು ಬಹಳ ಹೆಚ್ಚು, ಆದರೂ ನ್ಯಾಯವಾದ ಬೆಲೆ. ಕೊರೆತ ನಯವಾಗಿದೆ, ಚರ್ಮದ ಹೊಲಿಗೆ ಬಿಗಿಯಾಗಿದೆ. ತೊಂದರೆ ಇರುವುದು ಶ್ರುತಿಯಲ್ಲಿ. ಇದಕ್ಕೆ ಬಿರಡೆಗಳಿಲ್ಲ, ಹಿಡಿಗೆ ಸುತ್ತಿದ ತೊಗಲ ಪಟ್ಟಿಗಳನ್ನು ಸರಿಸಿಯೇ ತಂತಿಯನ್ನು ಬಿಗಿಯಬೇಕು, ಅವು ಮೆಲ್ಲನೆ ಜಾರುತ್ತವೆ. ತೇವದ ಗಾಳಿಯಲ್ಲಿ ಚರ್ಮ ಸಡಿಲಾಗಿ ನಾದ ಮಂಕಾಗುತ್ತದೆ, ಎಳೆ ಬಿಸಿಲಿಗೆ ಹಿಡಿದರೆ ಮತ್ತೆ ಮೈ ತುಂಬಿಕೊಳ್ಳುತ್ತದೆ. ಇದನ್ನೆಲ್ಲ ವಿವರಿಸುವ ಒಂದು ಚೀಟಿಯನ್ನಾದರೂ ಅಂಗಡಿಯವರು ಕೊಡಬೇಕಿತ್ತು. ಹಿರಿಯರು ಅರಬ್ಬಿ ಮತ್ತು ಫ್ರೆಂಚ್ ಮಾತ್ರ ಬಲ್ಲರು, ಬಾಯಲ್ಲಿ ಹೇಳಿದ್ದರಲ್ಲಿ ಅರ್ಧ ನನಗೆ ದಕ್ಕಲಿಲ್ಲ.

1998ರಿಂದ ನಡೆದುಬಂದಿರುವ ಗ್ನಾವಾ ಉತ್ಸವ ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ವಾದ್ಯ ಕೊಳ್ಳುವ ಮನಸ್ಸಿದ್ದರೆ ಆ ದಿನಗಳನ್ನು ಬಿಡಿ. ಜನಜಂಗುಳಿಯಲ್ಲಿ ನಾದವನ್ನು ತೂಗಿ ನೋಡಲಾಗದು. ಬೇರೆ ತಿಂಗಳ ಬೆಳಗಿನಲ್ಲಿ ಹೋಗಿ, ಕನಿಷ್ಠ ಮೂರು ವಾದ್ಯಗಳನ್ನು ಅಂಗಡಿಯವರ ಕೈಯಲ್ಲೇ ನುಡಿಸಿ ಕೇಳಿ ಆರಿಸಿಕೊಳ್ಳಿ. ಬಿಡಿ ತಂತಿಗಳ ಒಂದು ಕಟ್ಟನ್ನೂ ಕೇಳಿ ಪಡೆಯಿರಿ.