ಟಿಕೆಟ್ ತೆಗೆಯುವ ಮೊದಲು ವಿಮಾನ ಯಾವುದು ನೋಡಿ: ಒಬ್ಬ ವಿಮಾನ ಪ್ರೇಮಿಯ ವಿಮರ್ಶೆ

ಟಿಕೆಟ್ ಬುಕ್ ಮಾಡುವಾಗ ಹೆಚ್ಚಿನವರು ನೋಡುವುದು ಮೂರು ವಿಷಯ. ದರ ಎಷ್ಟು, ಎಷ್ಟು ಹೊತ್ತಿಗೆ ಹೊರಡುತ್ತದೆ, ನಡುವೆ ಎಲ್ಲಿ ಇಳಿದು ಹತ್ತಬೇಕು. ನಾನು ಇದಕ್ಕಿಂತ ಮೊದಲು ಇನ್ನೊಂದನ್ನು ನೋಡುತ್ತೇನೆ: ಹಾರುವ ವಿಮಾನ ಯಾವುದು? ಚಿಕ್ಕಂದಿನಿಂದ ವಿಮಾನಗಳ ಹುಚ್ಚು ನನಗೆ. ವರ್ಷಗಟ್ಟಲೆ ಬೇರೆ ಬೇರೆ ಮಾದರಿಗಳಲ್ಲಿ, ಹೆಚ್ಚಾಗಿ ಎಕಾನಮಿ ಸೀಟಿನಲ್ಲೇ ಕೂತು ಓಡಾಡಿದ್ದೇನೆ. ದೂರದ ಪ್ರಯಾಣ ಮುಗಿಸಿ ಇಳಿಯುವಾಗ ನಿಮ್ಮ ಮೈ, ತಲೆ ಹೇಗಿರುತ್ತವೆ ಅನ್ನುವುದು ವಿಮಾನಯಾನ ಕಂಪನಿಯ ಹೆಸರಿಗಿಂತ ಜಾಸ್ತಿ ವಿಮಾನದ ಮಾದರಿಯ ಮೇಲೆ ನಿಂತಿದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಮಾದರಿಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ಬುಕಿಂಗ್ ವಿವರದಲ್ಲಿ ಎಲ್ಲೋ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಕೆಲವು ಕಡೆ ಬರೀ ಸಂಕೇತ ಇರುತ್ತದೆ. 789 ಅಂದರೆ ಬೋಯಿಂಗ್ 787-9. 359 ಅಂದರೆ ಏರ್‌ಬಸ್ ಎ350-900. 388 ಅಂದರೆ ಎ380. 77ಡಬ್ಲ್ಯೂ ಅಂದರೆ ಬೋಯಿಂಗ್ 777-300ಇಆರ್. ಈ ನಾಲ್ಕು ಗೊತ್ತಿದ್ದರೂ ದೂರದ ಪ್ರಯಾಣಕ್ಕೆ ಬಹಳ ಮಟ್ಟಿಗೆ ಸಾಕು.

ಮೊದಲು ಎ350 ಮತ್ತು 787ರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ವ್ಯತ್ಯಾಸ ಮೈಗೇ ಗೊತ್ತಾಗುವುದು ಇಲ್ಲಿ. ವಿಮಾನ ಹಾರುವುದು 35,000 ಅಡಿ, ಕೆಲವೊಮ್ಮೆ 40,000 ಅಡಿಯಲ್ಲಿ. ಅಲ್ಲಿನ ಗಾಳಿಯಲ್ಲಿ ಮನುಷ್ಯ ಬದುಕಲಾರ. ಅದಕ್ಕೇ ಒಳಗೆ ಗಾಳಿ ತುಂಬಿ ಒತ್ತಡ ಹೆಚ್ಚಿಸುತ್ತಾರೆ. ಆದರೆ ನೆಲದ ಮೇಲೆ ಇರುವಷ್ಟು ಒತ್ತಡ ಕೊಡುವುದಿಲ್ಲ. ಹಳೆಯ ಅಲ್ಯೂಮಿನಿಯಂ ವಿಮಾನಗಳಲ್ಲಿ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ತೆಳು ಗಾಳಿಯವರೆಗೂ ಹೋಗುತ್ತದೆ. ಪ್ರತಿ ಹಾರಾಟದಲ್ಲೂ ವಿಮಾನದ ಒಡಲು ಒಳಗಿನ ಒತ್ತಡಕ್ಕೆ ಒಂದಿಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದರೆ ಲೋಹ ದಣಿಯುತ್ತದೆ, ಬಿರುಕು ಬಿಡಬಹುದು. ಒತ್ತಡ ಹೆಚ್ಚಿಸಿದಷ್ಟೂ ಈ ದಣಿವು ಜಾಸ್ತಿ.

787 ಮತ್ತು ಎ350ರ ಒಡಲು ಕಾಂಪೋಸಿಟ್‌ನದು, ಅಂದರೆ ಕಾರ್ಬನ್ ನಾರನ್ನು ಅಂಟಿನಲ್ಲಿ ಗಟ್ಟಿ ಮಾಡಿದ ವಸ್ತುವಿನದು. 787ರ ತೂಕದಲ್ಲಿ ಅರ್ಧದಷ್ಟು, ಎ350ರಲ್ಲಿ 53 ಶೇಕಡಾದಷ್ಟು ಕಾಂಪೋಸಿಟ್ ಇದೆ. ಇದು ಲೋಹದ ಹಾಗೆ ದಣಿಯುವುದಿಲ್ಲ. ಅದಕ್ಕೇ ಒಳಗಿನ ಒತ್ತಡವನ್ನು 6,000 ಅಡಿಯ ಮಟ್ಟದಲ್ಲಿ ಇಡಲು ಸಾಧ್ಯವಾಗಿದೆ. ತುಕ್ಕಿನ ಚಿಂತೆಯೂ ಕಡಿಮೆ, ಹಾಗಾಗಿ ಗಾಳಿಯನ್ನು ತೀರಾ ಒಣಗಿಸುವ ಅಗತ್ಯವಿಲ್ಲ. ನನಗೆ ಹಳೆಯ ವಿಮಾನಗಳಲ್ಲಿ ಹತ್ತು ಗಂಟೆ ಕೂತರೆ ತಲೆ ಭಾರ, ಗಂಟಲು ಒಣಗುವುದು, ಕಣ್ಣು ಉರಿ ಇದ್ದದ್ದೇ. ಈ ಎರಡರಲ್ಲಿ ಅದು ಬಹಳ ಕಡಿಮೆ. ಒಂದೆರಡು ಸಲದ ಅನುಭವವಾಗಿದ್ದರೆ ಸುಮ್ನೆ ಅನ್ನಿಸಿದ್ದು ಅಂದುಕೊಳ್ಳುತ್ತಿದ್ದೆ. ಆದರೆ ಪ್ರತಿ ಸಲವೂ ಹೀಗೇ ಆಗಿದೆ.

ಎರಡರಲ್ಲಿ ಒಂದನ್ನು ಆರಿಸು ಅಂದರೆ ನನ್ನ ಆಯ್ಕೆ ಎ350. ಕಾರಣ ಸೀಟಿನ ಅಗಲ. 787 ವಿನ್ಯಾಸ ಮಾಡುವಾಗ ಒಂದು ಸಾಲಿನಲ್ಲಿ ಎಂಟು ಸೀಟು ಅನ್ನುವ ಲೆಕ್ಕವಿತ್ತು. ಬಹುತೇಕ ಕಂಪನಿಗಳು ಒಂಬತ್ತು ತುರುಕಿವೆ. ಆಗ ಒಬ್ಬರಿಗೆ ಸಿಗುವುದು ಸುಮಾರು 17 ಇಂಚು. ಪಕ್ಕದವರ ಭುಜ ನಿಮ್ಮ ಭುಜಕ್ಕೆ ತಾಗುತ್ತಲೇ ಇರುತ್ತದೆ. ಜಪಾನ್ ಏರ್‌ಲೈನ್ಸ್ ಮಾತ್ರ 2-4-2ರ ಎಂಟು ಸೀಟುಗಳನ್ನು ಉಳಿಸಿಕೊಂಡಿದೆ, ಅದಕ್ಕೆ ಅವರನ್ನು ಮೆಚ್ಚಲೇಬೇಕು. ಎ350ರಲ್ಲೂ ಸಾಮಾನ್ಯವಾಗಿ ಸಾಲಿಗೆ ಒಂಬತ್ತೇ, ಆದರೆ ಒಡಲು ಅಗಲವಾದ್ದರಿಂದ 18 ಇಂಚು ಸಿಗುತ್ತದೆ. ಒಂದು ಇಂಚು ಏನು ಮಹಾ ಅನ್ನಿಸಬಹುದು. ರಾತ್ರಿಯಿಡೀ ಕೂತು ನೋಡಿ, ಆಗ ಗೊತ್ತಾಗುತ್ತದೆ. ಸದ್ದೂ ಕಡಿಮೆ. ಹಲವು ಎ350ಗಳಲ್ಲಿ ಬಾಲದ ತುದಿಯ ಕ್ಯಾಮೆರಾದ ದೃಶ್ಯವನ್ನು ಸೀಟಿನ ಪರದೆಯಲ್ಲೇ ನೋಡಬಹುದು. ಟೇಕ್ ಆಫ್ ಹೊತ್ತಿಗೆ ಇಡೀ ವಿಮಾನ ರನ್‌ವೇ ಬಿಟ್ಟು ಏಳುವುದನ್ನು ಅದರಲ್ಲಿ ನೋಡುವುದು ನನಗೆ ಇವತ್ತಿಗೂ ಹಬ್ಬ.

787ರ ಪರವಾಗಿಯೂ ಒಂದು ಮಾತು. ಅದರ ಕಿಟಕಿಗಳಷ್ಟು ದೊಡ್ಡ ಕಿಟಕಿ ಬೇರೆ ಯಾವ ದೊಡ್ಡ ಪ್ರಯಾಣಿಕ ವಿಮಾನದಲ್ಲೂ ಇಲ್ಲ. ನಡುವಿನ ಸೀಟಿನಿಂದಲೂ ಆಕಾಶ ಕಾಣುತ್ತದೆ. ಆದರೆ ಎಳೆಯುವ ಪರದೆ ಇಲ್ಲ, ಗುಂಡಿ ಒತ್ತಿ ಗಾಜನ್ನು ಮಬ್ಬು ಮಾಡಬೇಕು. ಸಿಬ್ಬಂದಿ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ಮಬ್ಬು ಮಾಡಿ ಲಾಕ್ ಮಾಡಬಲ್ಲರು. ಹಗಲು ಹಾರಾಟದಲ್ಲಿ ಹಾಗೆ ಮಾಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಎ380 ಬೇರೆಯದೇ ಜಾತಿ. ನಾಲ್ಕು ಎಂಜಿನ್, ಉದ್ದಕ್ಕೂ ಎರಡು ಅಂತಸ್ತು. ಅಷ್ಟು ದೊಡ್ಡ ವಿಮಾನ ಅಷ್ಟು ಮೌನವಾಗಿ ಏಳುವುದನ್ನು ನಂಬಲು ಹೊತ್ತು ಹಿಡಿಯುತ್ತದೆ. ಮೇಲಂತಸ್ತಿನಲ್ಲಿ ಎಕಾನಮಿ ಸೀಟು ಇದ್ದರೆ ಕಿಟಕಿ ಪಕ್ಕದ್ದನ್ನೇ ಹಿಡಿಯಿರಿ. ಗೋಡೆ ಒಳಬಾಗಿರುವುದರಿಂದ ಪಕ್ಕದಲ್ಲಿ ಸಾಮಾನು ಇಡುವ ಪೆಟ್ಟಿಗೆ ಇರುತ್ತದೆ, ಅದು ಮೇಜಿನ ಹಾಗೆ ಬಳಕೆಗೆ ಬರುತ್ತದೆ. 2007ರಲ್ಲಿ ಸಿಂಗಪುರ–ಸಿಡ್ನಿ ನಡುವೆ ಸೇವೆ ಶುರು ಮಾಡಿದ ಈ ವಿಮಾನದ ತಯಾರಿಕೆ 2021ರಲ್ಲಿ ನಿಂತಿತು. ಒಟ್ಟು 251 ವಿಮಾನಗಳನ್ನಷ್ಟೇ ಕಂಪನಿಗಳಿಗೆ ಕೊಟ್ಟರು. ಎರಡೇ ಎಂಜಿನ್‌ಗಳು ಕಡಿಮೆ ಇಂಧನದಲ್ಲಿ ಸಾಗರ ದಾಟುವ ಕಾಲದಲ್ಲಿ ನಾಲ್ಕನ್ನು ಸಾಕುವುದು ಕಷ್ಟ, ಒಪ್ಪುತ್ತೇನೆ. ಆದರೂ ಪ್ರಯಾಣಿಕನ ಕಡೆಯಿಂದ ನೋಡಿದರೆ ಅದರ ಜಾಗವನ್ನು ಬೇರೆ ಯಾವುದೂ ತುಂಬಿಲ್ಲ.

777 ಅದ್ಭುತ ಯಂತ್ರ. 777-300ಇಆರ್‌ನ ಒಂದು ಎಂಜಿನ್ನಿನ ಕವಚ ಹೆಚ್ಚುಕಡಿಮೆ ಬೋಯಿಂಗ್‌ನದೇ ಚಿಕ್ಕ ವಿಮಾನವಾದ 737ರ ಒಡಲಿನಷ್ಟೇ ಅಗಲ. ಆದರೆ ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಇದ್ದ ಸೀಟುಗಳನ್ನು ಹತ್ತು ಮಾಡಿದ ಮೇಲೆ ಕೂರುವುದು ಹಿಂಸೆ. ಸಾಲಿಗೆ ಹತ್ತು ಸೀಟಿದ್ದು ದೂರದ ಹಾರಾಟವಾದರೆ ನಾನು ತಪ್ಪಿಸುತ್ತೇನೆ.

ಇನ್ನು ಹತ್ತಿರದ ಊರುಗಳ ಹಾರಾಟ. ಇಲ್ಲಿ ಸಾಮಾನ್ಯವಾಗಿ ಸಿಗುವುದು ಎ320 ಅಥವಾ 737. ಎರಡರಲ್ಲೂ ನಡುವೆ ಒಂದೇ ದಾರಿ, ಆಚೀಚೆ ಮೂರು ಮೂರು ಸೀಟು. 737 ಮೊದಲು ಹಾರಿದ್ದು 1967ರಲ್ಲಿ. ಅದರ ಒಡಲಿನ ಅಗಲ ಇನ್ನೂ ಹಳೆಯ 707ರಿಂದ ಬಂದದ್ದು, ಒಳಗೆ ಸುಮಾರು 3.54 ಮೀಟರ್. 1987ರಲ್ಲಿ ಹಾರಿದ ಎ320ರಲ್ಲಿ 3.70 ಮೀಟರ್. ಆರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಇಂಚಿನಷ್ಟು ಹೆಚ್ಚು. ಒಂದು ಗಂಟೆಯ ಹಾರಾಟಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಾಲ್ಕು ಗಂಟೆಯಾದರೆ ಎ320ನೇ ಆರಿಸುತ್ತೇನೆ. ಏರ್‌ಬಸ್‌ನ ಇನ್ನೂ ಚಿಕ್ಕ ವಿಮಾನ ಎ220 ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಒಂದು ಬದಿ ಎರಡೇ ಸೀಟು. ಜೋಡಿಯಾಗಿ ಹೋಗುವವರಿಗೆ ಅದಕ್ಕಿಂತ ಸುಖ ಇಲ್ಲ.

ಎ320 ಹತ್ತಿದವರು ಒಮ್ಮೆಯಾದರೂ ಕೇಳಿರುವ ಸದ್ದೊಂದಿದೆ. ವಿಮಾನ ಇನ್ನೂ ನೆಲದ ಮೇಲೇ ಇರುವಾಗ ಕಾಲ ಕೆಳಗಿನಿಂದ ನಾಯಿ ಬೊಗಳಿದ ಹಾಗೆ ಅಥವಾ ಗರಗಸ ಎಳೆದ ಹಾಗೆ ಬರುತ್ತದೆ. ಏನೋ ಕೆಟ್ಟಿದೆ ಅಂತ ಪಕ್ಕದವರು ಗಾಬರಿಯಾಗಿದ್ದನ್ನು ನೋಡಿದ್ದೇನೆ. ಈ ವಿಮಾನದಲ್ಲಿ ಚಕ್ರ, ಬ್ರೇಕ್ ಮುಂತಾದವನ್ನು ದ್ರವದ ಒತ್ತಡದಿಂದ ನಡೆಸುವ ಮೂರು ಹೈಡ್ರಾಲಿಕ್ ವ್ಯವಸ್ಥೆಗಳಿವೆ, ಅವುಗಳಲ್ಲಿ ಎರಡು ಒಂದಕ್ಕೊಂದು ನೆರವಾಗುತ್ತವೆ. ಒಂದರಲ್ಲಿ ಒತ್ತಡ ಕಡಿಮೆ ಇದ್ದಾಗ ಇನ್ನೊಂದರ ಬಲದಿಂದ ಅದನ್ನು ತುಂಬಿಸುವ ಸಾಧನದ ಸದ್ದು ಅದು. ಒಂದೇ ಎಂಜಿನ್ ಓಡುತ್ತಿರುವಾಗ ಇದು ಸಾಮಾನ್ಯ. ಟೇಕ್ ಆಫ್ ಆದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಇಳಿದು, ವಿಮಾನ ಕೆಳಗೆ ಹೋದ ಹಾಗೆ ಅನ್ನಿಸುವುದೂ ಅಷ್ಟೇ. ಎಂಜಿನ್‌ಗಳ ಶಕ್ತಿಯನ್ನು ಟೇಕ್ ಆಫ್ ಮಟ್ಟದಿಂದ ಏರುವ ಮಟ್ಟಕ್ಕೆ ಇಳಿಸುತ್ತಾರೆ. ವಿಮಾನ ಏರುತ್ತಲೇ ಇರುತ್ತದೆ. ಭಯ ಇರುವವರಿಗೆ ನಾನು ಇಂಥವನ್ನೇ ಹೇಳುವುದು. ಯಾವ ಸದ್ದು ಯಾಕೆ ಅಂತ ಗೊತ್ತಾದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಕುಲುಕಾಟ ಸಹಿಸದವರು ರೆಕ್ಕೆಯ ಹತ್ತಿರದ ಸೀಟು ತಗೊಳ್ಳಿ, ಅಲ್ಲಿ ಕಡಿಮೆ ಗೊತ್ತಾಗುತ್ತದೆ. ಬಾಲದ ಕಡೆ ಜಾಸ್ತಿ. ಬೆಲ್ಟ್ ಮಾತ್ರ ಕೂತಿರುವಷ್ಟು ಹೊತ್ತೂ ಕಟ್ಟಿಕೊಂಡೇ ಇರಿ. ಟರ್ಬುಲೆನ್ಸ್‌ನಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ.

ಸುರಕ್ಷತೆಯ ಮಾತು ಬಂದಾಗ 737ರ ಹೊಸ ರೂಪವಾದ 737 ಮ್ಯಾಕ್ಸ್ ಬಿಟ್ಟು ಮುಂದೆ ಹೋಗಲಾರೆ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ಕಾರಣ, ಒಂದೇ ಸೆನ್ಸರ್‌ನ ತಪ್ಪು ಮಾಹಿತಿ ನಂಬಿ ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳುವ ಸಾಫ್ಟ್‌ವೇರ್, ಅದರ ಬಗ್ಗೆ ಪೈಲಟ್‌ಗಳಿಗೆ ಸರಿಯಾಗಿ ತಿಳಿಸದೇ ಇದ್ದದ್ದು. ವಿಮಾನಗಳನ್ನು ಇಷ್ಟಪಡುವ ನನಗೆ ಇದು ಇನ್ನೂ ಸಿಟ್ಟು ತರಿಸುವ ಸಂಗತಿ. ಆ ಸಾಫ್ಟ್‌ವೇರ್ ಬದಲಾಯಿತು, ಈಗ ಎರಡು ಸೆನ್ಸರ್‌ಗಳನ್ನು ಹೋಲಿಸಿ ನೋಡುತ್ತದೆ, ಪೈಲಟ್‌ಗಳಿಗೆ ತರಬೇತಿಯೂ ಕಡ್ಡಾಯವಾಯಿತು. ಅದಾದ ಮೇಲೆ ನಾನು ಮ್ಯಾಕ್ಸ್ ಹತ್ತಿದ್ದೇನೆ, ಹತ್ತುತ್ತೇನೆ. 2025ರ ಜೂನ್‌ನಲ್ಲಿ ಅಹಮದಾಬಾದಿನಲ್ಲಿ ಆದದ್ದು 787ರ ಮೊದಲ ಪ್ರಾಣಹಾನಿಯ ಅಪಘಾತ. ಆ ಮಾದರಿಯನ್ನೂ ನಾನು ಬಿಟ್ಟಿಲ್ಲ.

ಚಿಕ್ಕ ಪ್ರೊಪೆಲ್ಲರ್ ವಿಮಾನ ಎಟಿಆರ್ 72 ಬಗ್ಗೆ ಜನ ಮೂಗು ಮುರಿಯುತ್ತಾರೆ. ಫ್ಯಾನ್ ಇರುವ ವಿಮಾನ, ಸದ್ದು, ನಿಧಾನ ಅಂತ. ಸದ್ದು ನಿಜ, ಮುಖ್ಯವಾಗಿ ಪ್ರೊಪೆಲ್ಲರ್ ಪಕ್ಕದ ಸಾಲುಗಳಲ್ಲಿ. ವೇಗವೂ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಆದರೆ ರೆಕ್ಕೆ ತಲೆಯ ಮೇಲಿದೆ, ಹಾರುವುದೂ ಕೆಳಗೆ, ಹಾಗಾಗಿ ಯಾವ ಕಿಟಕಿಯಿಂದ ನೋಡಿದರೂ ನೆಲ ಸ್ಪಷ್ಟವಾಗಿ ಕಾಣುತ್ತದೆ. ಕೆಲವು ಸೀಟುಗಳಿಂದ ಚಕ್ರ ರನ್‌ವೇ ಮುಟ್ಟುವುದನ್ನೇ ನೋಡಬಹುದು. ಸಾಲಿಗೆ ಎರಡು-ಎರಡೇ ಸೀಟು, ನಡುವಿನ ಸೀಟಿನ ಗೋಳಿಲ್ಲ. ಹತ್ತುವ ಬಾಗಿಲು ಹಿಂದೆ ಇರುತ್ತದೆ, ಹಿಂದಿನ ಸಾಲಿನವರು ಬೇಗ ಇಳಿಯಬಹುದು. ಪುಟ್ಟ ಊರುಗಳ ಚಿಕ್ಕ ರನ್‌ವೇಗೂ ಹೋಗಬಲ್ಲ ಈ ವಿಮಾನ ನನಗೆ ಬಹಳ ಇಷ್ಟ.

ಕಂಪನಿಗಳ ಮೇಲೆ ನನ್ನ ದೊಡ್ಡ ದೂರು ಕಿಟಕಿ ಸೀಟಿನದು. ಹೆಚ್ಚಿಗೆ ಹಣ ಪಡೆದು ಕಿಟಕಿ ಸೀಟು ಅಂತ ಕೊಟ್ಟು, ಹೋಗಿ ನೋಡಿದರೆ ಅಲ್ಲಿ ಬರೀ ಗೋಡೆ. ನನಗೆ ಹೀಗಾಗಿದ್ದು 737ರಲ್ಲಿ. ಅದರಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದೆ ಎಸಿಯ ಕೊಳವೆ ಗೋಡೆಯೊಳಗೆ ಮೇಲಕ್ಕೆ ಹೋಗುತ್ತದೆ, ಅಲ್ಲಿ ಕಿಟಕಿ ಇಡಲಾಗುವುದಿಲ್ಲ. ಇದು ಕಂಪನಿಗೆ ಗೊತ್ತಿರುವ ವಿಷಯ. ಮಾರುವಾಗಲೇ ಹೇಳಬೇಕಲ್ವಾ? ಹೊರಗೆ ನೋಡುವುದಕ್ಕೇ ಹಣ ಕೊಟ್ಟವರಿಗೆ ಅದು ಸಣ್ಣ ನಷ್ಟವಲ್ಲ.

ಬುಕ್ ಮಾಡುವಾಗ ಎ350 ಅಂತ ಇದ್ದದ್ದು ಹೊರಡುವ ದಿನ 777 ಆಗಬಹುದು. ವಿಮಾನ ಬದಲಿಸುವ ಹಕ್ಕು ಕಂಪನಿಗಳಿಗಿದೆ. ಹಿಂದಿನ ದಿನ ಸೀಟಿನ ನಕ್ಷೆ ತೆರೆದು ಇನ್ನೊಮ್ಮೆ ನೋಡಿ, ಒಂಬತ್ತರ ಸಾಲು ಹತ್ತಾಗಿದ್ದರೆ ಮಾದರಿ ಬದಲಾಗಿದೆ. ಹೊರಡುವ ದಿನ, ವಿಮಾನಗಳು ಎಲ್ಲಿವೆ ಅಂತ ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ನಿಮ್ಮ ವಿಮಾನದ ನೋಂದಣಿ ಸಂಖ್ಯೆ ಹುಡುಕಿ, ಅದು ಈಗ ಎಲ್ಲಿಂದ ಬರುತ್ತಿದೆ ನೋಡಿ. ಅದು ಹಿಂದಿನ ಊರಿನಿಂದ ಇನ್ನೂ ಎದ್ದಿಲ್ಲ ಅಂದರೆ, ಗೇಟಿನ ಫಲಕ ಸಮಯಕ್ಕೆ ಸರಿಯಾಗಿ ಅಂತ ತೋರಿಸುತ್ತಿದ್ದರೂ ನಿಮ್ಮದು ತಡವಾಗುವ ಸಾಧ್ಯತೆ ಹೆಚ್ಚು.