ಬರಹಗಾರರೇ ಬರಹಗಾರರಿಗೆ ಅಂಕ ಕೊಡುವ ತಾಣ: ದೀರ್ಘ ಬಳಕೆಯ ನಂತರ

ಐದಕ್ಕೆ ಮೂರು ನಕ್ಷತ್ರ.

ಬಾಗಲಕೋಟೆಯ ನವನಗರದಲ್ಲಿ ಕುಳಿತು ಹಲವು ವರ್ಷಗಳಿಂದ ಈ ತಾಣಕ್ಕೆ ಲೇಖನ ಬರೆಯುತ್ತಿದ್ದೇನೆ. ಹಣ ಹೊತ್ತಿಗೆ ಸರಿಯಾಗಿ ಬರುತ್ತದೆ, ಆ ಬಗ್ಗೆ ತಕರಾರಿಲ್ಲ. ನನ್ನ ಮಾತೆಲ್ಲ ಅಂಕದ ವ್ಯವಸ್ಥೆಯ ಬಗ್ಗೆ. ಒಳ್ಳೆಯ ಕೆಲಸ ಯಾರ ಪಾಲಿಗೆ ಬರಬೇಕೆಂದು ತೀರ್ಮಾನಿಸುವುದು ಅದೇ.

ಇಲ್ಲಿ ಅಂಕ ಕೊಡುವವರು ಸಂಪಾದಕರಲ್ಲ, ನಾವೇ. ಒಂದೇ ವಿಷಯದ ಎರಡು ಲೇಖನಗಳು ಪರದೆಯ ಮೇಲೆ ಅಕ್ಕಪಕ್ಕ ಬರುತ್ತವೆ. ಬರೆದವರ ಹೆಸರು ಕಾಣುವುದಿಲ್ಲ. ಯಾವುದು ಮೇಲು ಎಂದು ಆರಿಸಬೇಕು, ಅಷ್ಟೇ. ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಒಬ್ಬರ ಏಳು ಇನ್ನೊಬ್ಬರ ಐದಕ್ಕೆ ಸಮವಾಗಿರಬಹುದು. ಎರಡನ್ನು ಹೋಲಿಸುವಾಗ ಆ ಗೊಂದಲವಿಲ್ಲ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ 1970ರಲ್ಲಿ ಅಳವಡಿಸಿಕೊಂಡ ಎಲೊ ರೇಟಿಂಗ್ ಕೂಡ ಹೀಗೆ ಜೋಡಿ ಜೋಡಿಯ ಸೋಲು-ಗೆಲುವಿನಿಂದಲೇ ಕ್ರಮಾಂಕ ಕಟ್ಟುತ್ತದೆ. ಬರಹಕ್ಕೆ ಇದು ಹೊಸದೂ ಅಲ್ಲ. 2006ರಲ್ಲಿ ಶುರುವಾಗಿ 2014ರಲ್ಲಿ ಮುಚ್ಚಿದ ಅಮೆರಿಕದ ಹೀಲಿಯಂ ಎಂಬ ತಾಣದಲ್ಲಿ ಬರಹಗಾರರು ಇದೇ ರೀತಿ ಒಬ್ಬರ ಲೇಖನವನ್ನು ಇನ್ನೊಬ್ಬರು ತೂಗುತ್ತಿದ್ದರು.

ಹೆಸರು ಮುಚ್ಚಿಟ್ಟಿರುವುದು ನಿಜಕ್ಕೂ ದೊಡ್ಡ ಗುಣ. ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ ಎಂಬ ಒಳಒಪ್ಪಂದಕ್ಕೆ ಜಾಗವಿಲ್ಲ. ಹುನಗುಂದದ ಹೊಸಬರೂ ಬೆಂಗಳೂರಿನ ಹಳಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಎರಡು ನಕ್ಷತ್ರಗಳನ್ನು ಇದೊಂದಕ್ಕೇ ಕೊಟ್ಟಿದ್ದೇನೆ.

ತೊಡಕು ಬೇರೆಡೆ ಇದೆ. ಈಚೆಗೆ ಇಳಕಲ್ ಸೀರೆಯ ಕುರಿತ ಎರಡು ಲೇಖನಗಳು ನನ್ನ ಮುಂದೆ ಬಂದವು. ಎಡಗಡೆಯದು ಓದಲು ಬಲು ಸೊಗಸು, ಒಂದು ಅಕ್ಷರದೋಷವಿಲ್ಲ. ಆದರೆ ಸೆರಗನ್ನು ಬೇರೆ ನೇಯ್ದು ಆಮೇಲೆ ಸೀರೆಗೆ ಹೊಲಿಯುತ್ತಾರೆ ಎಂದು ಬರೆದಿತ್ತು. ಬಲಗಡೆಯದರ ವಾಕ್ಯಗಳು ತುಸು ಒರಟು, ಅಲ್ಲಲ್ಲಿ ಒಂದೇ ಪದ ಮತ್ತೆ ಮತ್ತೆ. ಆದರೆ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಜೋಡಿಸಿ ನೇಯುವ ಬಗೆಯನ್ನು ಅದು ಸರಿಯಾಗಿ ವಿವರಿಸಿತ್ತು. ಇಳಕಲ್ ಸೀರೆಯನ್ನು ಬೇರೆ ಸೀರೆಗಳಿಂದ ಬೇರ್ಪಡಿಸುವುದೇ ಆ ಕೊಂಡಿ. ನಾನು ಬಲಗಡೆಯದನ್ನು ಆರಿಸಿದೆ. ಹೆಚ್ಚಿನವರು ಎಡಗಡೆಯದನ್ನು ಆರಿಸಿದ್ದರು.

ಅವರ ತಪ್ಪೇನೂ ಇಲ್ಲ. ಮಗ್ಗ ನೋಡದವರಿಗೆ ಕಣ್ಣಿಗೆ ಕಾಣುವುದು ಭಾಷೆಯ ನಯ ಮಾತ್ರ. ತಪ್ಪಿರುವುದು ನಿಯಮದಲ್ಲಿ. ತಾಣವು ಲೇಖನಕ್ಕಷ್ಟೇ ಅಲ್ಲ, ತೀರ್ಪು ಕೊಡುವವರಿಗೂ ಅಂಕ ಹಾಕುತ್ತದೆ. ನಮ್ಮ ಆಯ್ಕೆ ಬಹುಮತಕ್ಕೆ ಹೊಂದಿದರೆ ವಿಶ್ವಾಸಾರ್ಹತೆ ಏರುತ್ತದೆ, ಹೊಂದದಿದ್ದರೆ ಇಳಿಯುತ್ತದೆ. ಓದದೆ ಕಣ್ಣುಮುಚ್ಚಿ ಒತ್ತುವವರನ್ನು ಹಿಡಿಯಲು ಇಂಥದ್ದೊಂದು ಬೇಕು, ಒಪ್ಪುತ್ತೇನೆ. ಆದರೆ ಅದೇ ಬಲೆಗೆ ವಿಷಯ ಬಲ್ಲವರೂ ಬೀಳುತ್ತಾರೆ. ಸರಿ ಯಾವುದು ಎಂದು ನೋಡುವ ಬದಲು ಉಳಿದವರು ಯಾವುದನ್ನು ಒತ್ತಿಯಾರು ಎಂದು ಊಹಿಸುವ ಚಾಳಿ ನಿಧಾನವಾಗಿ ಅಂಟಿಕೊಳ್ಳುತ್ತದೆ. ಇದು ನನಗೆ ತೀರಾ ಬೇಸರದ ಸಂಗತಿ, ಏಕೆಂದರೆ ಓದುಗರ ಕೈಗೆ ಕೊನೆಗೆ ಹೋಗುವುದು ಗೆದ್ದ ಲೇಖನವೇ.

ತಾಣದವರಲ್ಲಿ ಕೇಳುವುದು ಎರಡೇ. ಆಯ್ಕೆಯ ಜೊತೆಗೆ ಒಂದು ಸಾಲು ಕಾರಣ ಬರೆಯಲು ಅವಕಾಶ ಕೊಡಿ. ಲೇಖನದಲ್ಲಿ ಮಾಹಿತಿ ತಪ್ಪಿದೆ ಎಂದು ಯಾರಾದರೂ ಗುರುತು ಹಾಕಿದರೆ, ಆ ಜೋಡಿಯನ್ನು ಸಂಪಾದಕರೊಬ್ಬರು ನೋಡುವವರೆಗೆ ಯಾರ ಅಂಕವನ್ನೂ ಏರಿಳಿಸಬೇಡಿ.

ಹೊಸದಾಗಿ ಸೇರುವವರು ಪ್ರವಾಸ, ಅಡುಗೆ, ಆರೋಗ್ಯ ಎಂದು ಎಲ್ಲ ವಿಭಾಗಗಳಲ್ಲೂ ತೀರ್ಪು ಕೊಡಲು ಹೋಗಬೇಡಿ. ಗೊತ್ತಿಲ್ಲದ ಜೋಡಿ ಬಂದರೆ ಬಿಟ್ಟು ಮುಂದೆ ಹೋಗುವ ಗುಂಡಿ ಕೆಳಗೇ ಇದೆ. ಅದನ್ನು ಒತ್ತಿದರೆ ಅಂಕ ಕಡಿಮೆಯಾಗುವುದಿಲ್ಲ.