ಲೈಕಾ ಎಂ6 ಫಿಲ್ಮ್ ಕ್ಯಾಮೆರಾಗೆ ಪುಟ್ಟ 35 ಎಂಎಂ ಲೆನ್ಸ್: ಯಾವುದು ಕೊಳ್ಳಬೇಕು?

ಹಗಲಲ್ಲಿ ಐಎಸ್‌ಒ 400ರ ಫಿಲ್ಮ್ ಹಾಕಿ ಬೀದಿ ಸುತ್ತುವವರಿಗೆ ಫೋಗ್ಟ್‌ಲ್ಯಾಂಡರ್‌ನ ಕಲರ್-ಸ್ಕೋಪಾರ್ ಎಫ್/2.5 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ಧಾರಾಳವಾಗಿ ಸಾಕು. ತೂಕ 134 ಗ್ರಾಂ, ಉದ್ದ 23 ಮಿ.ಮೀ.; ಕ್ಯಾಮೆರಾ ಜೇಬಿಗಿಳಿಯುತ್ತದೆ. ಕಟ್ಟಡಗಳ ಚಿತ್ರವೇ ಮುಖ್ಯವಾದರೆ ಝೈಸ್ ಸಿ ಬಿಯೋಗಾನ್ ಎಫ್/2.8 ಮೇಲು, ಗೆರೆಗಳು ಬಾಗುವುದಿಲ್ಲ. ತೂಕ 200 ಗ್ರಾಂ.

ಫೋಗ್ಟ್‌ಲ್ಯಾಂಡರ್‌ನದೇ ನಾಕ್ಟನ್ ಎಫ್/1.4 ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಅಪರ್ಚರ್ (ಬೆಳಕಿನ ಕಿಂಡಿ) ಎಫ್/2, 2.8ಕ್ಕೆ ಇಳಿಸಿದಂತೆ ಫೋಕಸ್ ಹಿಂದಕ್ಕೆ ಸರಿಯುತ್ತದೆ. ಕ್ಯಾಮೆರಾದ ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಹೊಂದಿಸುವ ಸಾಧನ) ಅದನ್ನು ತೋರಿಸುವುದೇ ಇಲ್ಲ. ಕಣ್ಣಿಗೆ ಫೋಕಸ್ ಮಾಡಿರುತ್ತೀರಿ, ಫಿಲ್ಮ್ ತೊಳೆದಾಗ ಕಿವಿ ಚೂಪಾಗಿ ಬಂದಿರುತ್ತದೆ.

ಸಂಜೆಗೆ ಅದೇ ಕಂಪನಿಯ ಅಲ್ಟ್ರಾನ್ ಎಫ್/2 ವಾಸಿ. ಅದರ ಫೋಕಸ್ ರಿಂಗ್ 0.58 ಮೀಟರ್‌ವರೆಗೆ ತಿರುಗಿದರೂ ಎಂ6ನ ರೇಂಜ್‌ಫೈಂಡರ್ 0.7ಕ್ಕೇ ನಿಲ್ಲುತ್ತದೆ. ಇನ್ನೂ ಹತ್ತಿರ ಹೋದರೆ ಟೇಪ್ ಹಿಡಿದು ಅಳೆಯಿರಿ.